ಸರ್ಟಿಫಿಕೇಟ್ ಇದೆ, ಕೆಲಸ ಸಿಗುತ್ತಿಲ್ಲ: ಸೈಬರ್ ಸೆಕ್ಯುರಿಟಿಗೆ ಬರಬೇಕೆಂದವರ ಒಂದು ಪ್ರಕರಣ

ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ, 'ಅವರು' ಅಂದರೆ ಸಾಕು.

ಅವರಿಗೆ ಮೂವತ್ತು ದಾಟಿದೆ. ಒಂದು ಕಂಪನಿಯ ಐಟಿ ಸಪೋರ್ಟ್ ಡೆಸ್ಕ್‌ನಲ್ಲಿ ಏಳು ವರ್ಷದಿಂದ ಕೆಲಸ. ಪಾಸ್‌ವರ್ಡ್ ಮರೆತವರಿಗೆ ರೀಸೆಟ್ ಮಾಡಿಕೊಡುವುದು, ವಿಪಿಎನ್ ಕನೆಕ್ಟ್ ಆಗದಿದ್ದರೆ ನೋಡುವುದು, ಹೊಸಬರಿಗೆ ಲ್ಯಾಪ್‌ಟಾಪ್ ಸೆಟಪ್ ಮಾಡುವುದು, ಕೆಲಸ ಬಿಟ್ಟವರ ಅಕೌಂಟ್ ಮುಚ್ಚುವುದು. ಸೈಬರ್ ಸೆಕ್ಯುರಿಟಿಗೆ ಹೋಗಬೇಕೆಂದು ಎರಡು ವರ್ಷದಿಂದ ಒದ್ದಾಡುತ್ತಿದ್ದರು. ಕೊಂಡ ಕೋರ್ಸ್‌ಗಳು ರಾಶಿ ಇದ್ದವು, ಅರ್ಧಕ್ಕಿಂತ ಹೆಚ್ಚು ನೋಡಿಯೇ ಇರಲಿಲ್ಲ. ಬಹುಆಯ್ಕೆ ಪ್ರಶ್ನೆಗಳ ಎರಡು ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆದಿದ್ದರು. ಲ್ಯಾಪ್‌ಟಾಪ್‌ನಲ್ಲಿ, ಹ್ಯಾಕಿಂಗ್ ಸಾಧನಗಳನ್ನು ತುಂಬಿಕೊಂಡು ಬರುವ ಕಾಲಿ ಲಿನಕ್ಸ್ ಹಾಕಿಕೊಂಡಿದ್ದರು. 'ಪೆನೆಟ್ರೇಶನ್ ಟೆಸ್ಟರ್', ಅಂದರೆ ಅನುಮತಿ ಪಡೆದು ದಾಳಿ ಮಾಡಿ ಲೋಪ ಹುಡುಕುವವರು, ಎಂದು ಕಂಡ ಕಡೆಯೆಲ್ಲ ಅರ್ಜಿ ಹಾಕಿದ್ದರು. ಒಂದೇ ಒಂದು ಕಡೆಯಿಂದ ಇಂಟರ್‌ವ್ಯೂಗೆ ಕರೆ ಬಂತು.

"ಮೊದಲನೇ ಪ್ರಶ್ನೆಗೇ ತಡವರಿಸಿದೆ ಸರ್," ಎಂದರು. "ಬ್ರೌಸರ್‌ನಲ್ಲಿ ಒಂದು ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದರೆ ಏನೇನಾಗುತ್ತೆ ಹೇಳಿ ಅಂದ್ರು. ಪೇಜ್ ಬರುತ್ತೆ ಅಂದೆ. ಮುಂದಕ್ಕೆ ಮಾತೇ ಬರಲಿಲ್ಲ."

ಮನೆಯಲ್ಲಿ 'ವಯಸ್ಸಾಯ್ತು, ಇದ್ದ ಕೆಲಸ ನೋಡ್ಕೋ' ಅನ್ನುತ್ತಿದ್ದರು. ಅವರಿಗೂ ಹಾಗೆ ಅನ್ನಿಸತೊಡಗಿತ್ತು. ರಾತ್ರಿ ನಿದ್ದೆ ಬಿಟ್ಟು ವಿಡಿಯೊ ನೋಡುವುದು, ಬೆಳಿಗ್ಗೆ ಏನೂ ನೆನಪಿಲ್ಲವೆಂದು ಬೇಜಾರಾಗುವುದು, ಆ ಬೇಜಾರಿಗೆ ಇನ್ನೊಂದು ಕೋರ್ಸ್ ಕೊಳ್ಳುವುದು. ನನ್ನ ಹತ್ತಿರ ಬಂದಾಗ ಅವರು ಕೇಳಿದ್ದು ಒಂದೇ: "ಮುಂದಿನ ಸರ್ಟಿಫಿಕೇಟ್ ಯಾವುದು ಮಾಡಲಿ?"

ನಾನು ವೃತ್ತಿ ಸಲಹೆಗೆ ಬರುವ ಮೊದಲು ಸೆಕ್ಯುರಿಟಿ ಆಪರೇಶನ್ಸ್ ಸೆಂಟರ್‌ನಲ್ಲಿ, ಅಂದರೆ ದಾಳಿ ನಡೆಯುತ್ತಿದೆಯಾ ಎಂದು ಸದಾ ಕಣ್ಣಿಡುವ 'ಸಾಕ್' ಎನ್ನುವ ಕಡೆ ಕೆಲಸ ಮಾಡಿದವನು. ಹಾಗಾಗಿ ಆ ಪ್ರಶ್ನೆಗೆ ತಕ್ಷಣ ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. ಕಾಗದದ ಮೇಲೆ ಒಂದು ಲಾಗ್ ಬರೆದು ಮುಂದಿಟ್ಟೆ. ಲಿನಕ್ಸ್ ಸರ್ವರ್‌ನ ಲಾಗಿನ್ ದಾಖಲೆ. 'ಫೇಲ್ಡ್ ಪಾಸ್‌ವರ್ಡ್' ಎಂಬ ಸಾಲು ಸೆಕೆಂಡಿಗೊಂದರಂತೆ ಮತ್ತೆ ಮತ್ತೆ. ಬಳಕೆದಾರರ ಹೆಸರು ಒಮ್ಮೆ ಅಡ್ಮಿನ್, ಒಮ್ಮೆ ಟೆಸ್ಟ್, ಒಮ್ಮೆ ಬ್ಯಾಕಪ್. ಐಪಿ ವಿಳಾಸ, ಅಂದರೆ ಆ ಕಡೆಯ ಕಂಪ್ಯೂಟರ್‌ನ ನೆಟ್‌ವರ್ಕ್ ವಿಳಾಸ, ಮಾತ್ರ ಒಂದೇ. ಕೊನೆಗೆ ಬೆಳಗಿನ ಜಾವ ಮೂರರ ಹೊತ್ತಿಗೆ ಅದೇ ಐಪಿಯಿಂದ ಬ್ಯಾಕಪ್ ಅಕೌಂಟ್‌ಗೆ 'ಆಕ್ಸೆಪ್ಟೆಡ್ ಪಾಸ್‌ವರ್ಡ್' ಎಂಬ ಒಂದೇ ಒಂದು ಸಾಲು.

"ಏನು ಅನ್ನಿಸುತ್ತೆ?" ಎಂದೆ.

ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅವರ ಬಾಯಿಂದ ಬಂದಿದ್ದೆಲ್ಲ ಪ್ರಶ್ನೆಗಳು. "ಬ್ಯಾಕಪ್ ಅಕೌಂಟ್ ಯಾರ ಕೈಲಿದೆ? ಮನುಷ್ಯರು ಬಳಸೋದಾ, ಸ್ಕ್ರಿಪ್ಟ್ ಬಳಸೋದಾ? ಸ್ಕ್ರಿಪ್ಟ್ ಆದ್ರೆ ಹೊರಗಿನ ಐಪಿಯಿಂದ ಯಾಕೆ ಬರಬೇಕು? ಹೋದ ವಾರ ಯಾರಾದ್ರೂ ಪಾಸ್‌ವರ್ಡ್ ಬದಲಾಯಿಸಿದ್ರಾ? ಈ ಸರ್ವರ್ ಇಂಟರ್‌ನೆಟ್‌ಗೆ ತೆರೆದಿರಬೇಕಾ?"

ಸಾಕ್‌ನಲ್ಲಿ ಅನಲಿಸ್ಟ್ ಒಬ್ಬರು ಮೊದಲ ಹತ್ತು ನಿಮಿಷದಲ್ಲಿ ಕೇಳಬೇಕಾದ ಪ್ರಶ್ನೆಗಳು ಇವೇ. ಯಾವ ಕೋರ್ಸೂ ಇದನ್ನು ಅವರಿಗೆ ಕಲಿಸಿರಲಿಲ್ಲ. ಏಳು ವರ್ಷ ಅಕೌಂಟ್ ತೆರೆದು, ಮುಚ್ಚಿ, ಜನ ಎಲ್ಲೆಲ್ಲಿ ಎಡವುತ್ತಾರೆ ಎಂದು ನೋಡಿ ಬಂದ ತಿಳಿವಳಿಕೆ ಅದು. ಅದನ್ನು ಅವರು ರೆಸ್ಯೂಮೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದರು: 'ಯೂಸರ್ ಸಪೋರ್ಟ್'.

ನನಗೆ ಕಂಡ ತೊಂದರೆ ಇಷ್ಟು. ಅವರು ತಮ್ಮ ಕೈಲಿದ್ದ ಬಂಡವಾಳವನ್ನು ಬಿಟ್ಟು, ಶೂನ್ಯದಿಂದ ಶುರು ಮಾಡುವವರಂತೆ ಓಡುತ್ತಿದ್ದರು. ಅದೂ ಈ ಕ್ಷೇತ್ರದಲ್ಲಿ ಹೊರಗಿನವರಿಗೆ ಅತಿ ಜಾಸ್ತಿ ಕಾಣುವ, ಹೊಸಬರಿಗೆ ಅತಿ ಕಡಿಮೆ ಜಾಗ ಇರುವ ಬಾಗಿಲ ಕಡೆಗೆ. ಪೆನೆಟ್ರೇಶನ್ ಟೆಸ್ಟಿಂಗ್ ಒಳ್ಳೆಯ ಕೆಲಸವೇ. ಆದರೆ ಸೆಕ್ಯುರಿಟಿ ಅಂದರೆ ಅದೊಂದೇ ಅಲ್ಲ. ದಾಳಿ ಪತ್ತೆ ಮಾಡುವವರು, ಪತ್ತೆಯಾದ ಮೇಲೆ ನಿಭಾಯಿಸುವವರು, ಯಾರಿಗೆ ಎಷ್ಟು ಪ್ರವೇಶ ಇರಬೇಕೆಂದು ನೋಡಿಕೊಳ್ಳುವವರು, ಸಾಫ್ಟ್‌ವೇರ್ ಲೋಪಗಳ ಪಟ್ಟಿ ಹಿಡಿದು ಪ್ಯಾಚ್ (ಲೋಪ ಮುಚ್ಚುವ ಅಪ್‌ಡೇಟ್) ಹಾಕಿಸುವವರು, ನಿಯಮ ಮತ್ತು ಆಡಿಟ್ ನೋಡುವವರು, ಕ್ಲೌಡ್ ಕಾಯುವವರು ಎಲ್ಲರೂ ಸೆಕ್ಯುರಿಟಿಯವರೇ. ಸಪೋರ್ಟ್ ಡೆಸ್ಕ್‌ನಿಂದ ಬರುವವರಿಗೆ ಇದರಲ್ಲಿ ಮೂರು ನಾಲ್ಕು ಬಾಗಿಲು ಆಗಲೇ ಅರ್ಧ ತೆರೆದಿರುತ್ತವೆ.

ಹಾಗಾಗಿ ಮೊದಲ ಸಲಹೆ: ಆರು ತಿಂಗಳು ಹೊಸ ಕೋರ್ಸ್ ಕೊಳ್ಳುವಂತಿಲ್ಲ. ಗುರಿ ಒಂದೇ, ಸಾಕ್ ಅನಲಿಸ್ಟ್ ಅಥವಾ ಲೋಪ ನಿರ್ವಹಣೆಯ ಕೆಲಸ. ಬೇರೆಲ್ಲ ಆಮೇಲೆ.

ಎರಡನೆಯದು ಬುನಾದಿ. ಇಂಟರ್‌ವ್ಯೂನಲ್ಲಿ ತಡವರಿಸಿದ ಆ ಪ್ರಶ್ನೆಯನ್ನೇ ಮನೆಗೆಲಸವಾಗಿ ಕೊಟ್ಟೆ. ಓದಿ ಬರಬೇಡಿ, ಕಣ್ಣಾರೆ ನೋಡಿ ಬನ್ನಿ ಎಂದೆ. ನೆಟ್‌ವರ್ಕ್‌ನಲ್ಲಿ ಹೋಗಿಬರುವ ಮಾಹಿತಿಯ ತುಣುಕುಗಳನ್ನು (ಪ್ಯಾಕೆಟ್) ತೋರಿಸುವ ವೈರ್‌ಶಾರ್ಕ್ ತೆರೆದು, ಪ್ಯಾಕೆಟ್ ಹಿಡಿಯಲು ಶುರು ಮಾಡಿ, ಒಂದು ಪುಟ ತೆರೆದು, ನಿಲ್ಲಿಸುವುದು. ಮೊದಲು ಡಿಎನ್‌ಎಸ್ ಪ್ರಶ್ನೆ, ಅಂದರೆ ಈ ಹೆಸರಿನ ಸೈಟಿನ ಐಪಿ ವಿಳಾಸ ಏನು ಎಂಬ ಪ್ರಶ್ನೆ, ಹೋಗುವುದು ಕಾಣಬೇಕು, ಸಾಮಾನ್ಯವಾಗಿ ಪೋರ್ಟ್ 53ಕ್ಕೆ (ಪೋರ್ಟ್ ಅಂದರೆ ಕಂಪ್ಯೂಟರ್‌ನಲ್ಲಿ ಒಂದೊಂದು ಸೇವೆಗೆ ಇರುವ ಬಾಗಿಲ ಸಂಖ್ಯೆ). ಉತ್ತರವಾಗಿ ಐಪಿ ವಿಳಾಸ ಬರುತ್ತದೆ. ಆಮೇಲೆ ಪೋರ್ಟ್ 443ಕ್ಕೆ ಟಿಸಿಪಿ ಸಂಪರ್ಕ: ಸಿನ್, ಸಿನ್-ಆಕ್, ಆಕ್ ಎಂದು ಮೂರು ಪ್ಯಾಕೆಟ್. ಅದರ ಮೇಲೆ ಟಿಎಲ್‌ಎಸ್ ಮಾತುಕತೆ, ಸರ್ಟಿಫಿಕೇಟ್ ಪರಿಶೀಲನೆ, ಗೂಢಲಿಪಿಯ ಕೀ. ಅಲ್ಲಿಂದ ಮುಂದೆ ಎಚ್‌ಟಿಟಿಪಿ. ಬ್ರೌಸರ್ ಕ್ವಿಕ್ ಎಂಬ ಹೊಸ ಸಂಪರ್ಕ ವಿಧಾನ ಬಳಸುತ್ತಿದ್ದರೆ ಟಿಸಿಪಿಯ ಬದಲು ಯುಡಿಪಿ ಕಾಣುತ್ತದೆ, ಗಾಬರಿ ಬೇಡ ಎಂದೂ ಹೇಳಿದ್ದೆ.

ಮುಂದಿನ ಭೇಟಿಗೆ ಬಂದಾಗ ಮುಖವೇ ಬೇರೆ ಥರ ಇತ್ತು. "ಡಿಎನ್‌ಎಸ್‌ನಲ್ಲಿ ನಾನು ಹೋಗೋ ಸೈಟ್ ಹೆಸರು ಹಾಗೇ ಓದಕ್ಕೆ ಸಿಗ್ತಿದೆಯಲ್ಲ ಸರ್! ಎಚ್‌ಟಿಟಿಪಿಎಸ್ ಇದ್ರೂ!" ಎಂದರು. ಈ ಆಶ್ಚರ್ಯ ಹುಟ್ಟಿದರೆ ಸಾಕು, ಮುಂದಿನ ಓದು ತಾನಾಗಿ ಬರುತ್ತದೆ. ಡಿಎನ್‌ಎಸ್ ಅನ್ನೇ ಗೂಢಲಿಪಿಯಲ್ಲಿ ಕಳಿಸುವುದು ಹೇಗೆ ಎಂದು ಆ ರಾತ್ರಿಯೇ ಹುಡುಕಿಕೊಂಡು ಓದಿದ್ದರು.

ಅಲ್ಲಿಂದ ಒಂದು ಚಿಕ್ಕ ಲ್ಯಾಬ್ ಕಟ್ಟಿಸಿದೆ. ಒಂದು ಕಂಪ್ಯೂಟರ್‌ನೊಳಗೇ ಬೇರೆ ಕಂಪ್ಯೂಟರ್‌ಗಳನ್ನು ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಲಿನಕ್ಸ್, ಒಂದು ವಿಂಡೋಸ್, ಎರಡರ ಲಾಗ್ ಒಂದೆಡೆ ಸೇರಿಸಲು ವಾಜು ಎಂಬ ಉಚಿತ ಸಾಧನ. ವಿಂಡೋಸ್‌ನಲ್ಲಿ ಬೇಕೆಂದೇ ತಪ್ಪು ಪಾಸ್‌ವರ್ಡ್ ಹಾಕಿ 4625 ಎಂಬ ಈವೆಂಟ್ ಬರುವುದನ್ನು ನೋಡುವುದು. ಸರಿ ಪಾಸ್‌ವರ್ಡ್ ಹಾಕಿ 4624 ನೋಡುವುದು. ಹೊಸ ಅಕೌಂಟ್ ಮಾಡಿ 4720 ನೋಡುವುದು. ಮಾಡಿದ್ದನ್ನೆಲ್ಲ ಒಂದೊಂದು ಪುಟ ಬರೆಯುವುದು: ಏನು ಮಾಡಿದೆ, ಏನು ಕಂಡಿತು, ಏನು ಅರ್ಥವಾಗಲಿಲ್ಲ. ಈ ಬರೆಯುವ ಅಭ್ಯಾಸಕ್ಕೆ ನಾನು ತುಂಬ ಒತ್ತು ಕೊಡುತ್ತೇನೆ. ಸಾಕ್‌ನಲ್ಲಿ ನೀವು ಪತ್ತೆ ಮಾಡಿದ್ದನ್ನು ನಾಲ್ಕು ಸಾಲಿನಲ್ಲಿ ಮುಂದಿನ ಪಾಳಿಯವರಿಗೆ ಅರ್ಥವಾಗುವಂತೆ ಬರೆಯಲು ಬಾರದಿದ್ದರೆ ಪತ್ತೆ ಮಾಡಿಯೂ ಉಪಯೋಗವಿಲ್ಲ. ನೇಮಕ ಮಾಡುವವರ ಮುಂದಿಡಲು ಇಂಥ ಇಪ್ಪತ್ತು ಪುಟ ಇದ್ದರೆ ಅದರ ತೂಕವೇ ಬೇರೆ.

ನಡುವೆ ಒಂದು ವಿಷಯ ಬಂತು. ಅದನ್ನು ಬಿಡಿಸಿ ಹೇಳಲೇಬೇಕು.

ಒಂದು ದಿನ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು: ತಾವು ಬಳಸುವ ಒಂದು ಸೇವೆಯ ಸೈಟಿನಲ್ಲಿ, ವಿಳಾಸದ ಕೊನೆಯಲ್ಲಿರುವ ಸಂಖ್ಯೆ ಬದಲಾಯಿಸಿದರೆ ಬೇರೆಯವರ ಬಿಲ್ ಕಾಣುತ್ತದಂತೆ. "ಎರಡು ಮೂರು ನೋಡಿದೆ ಸರ್. ಒಂದು ಸ್ಕ್ರಿಪ್ಟ್ ಬರೆದರೆ ಎಷ್ಟು ಸಿಗುತ್ತೆ ಅಂತ ನೋಡಬಹುದು. ರೆಸ್ಯೂಮೆಗೂ ಆಗುತ್ತೆ ಅಲ್ವಾ?"

ಅವರು ಕಂಡದ್ದು ನಿಜವಾದ ಲೋಪ. ಸೈಟು ಲಾಗಿನ್ ಆದವರು ಯಾರು ಎಂದು ನೋಡುತ್ತದೆ, ಆದರೆ ಅವರಿಗೆ ಈ ಕಡತ ನೋಡುವ ಹಕ್ಕಿದೆಯಾ ಎಂದು ನೋಡುವುದಿಲ್ಲ. ವೆಬ್ ಸುರಕ್ಷತೆಗಾಗಿ ಕೆಲಸ ಮಾಡುವ ಓವಾಸ್ಪ್ ಸಂಸ್ಥೆಯ 2021ರ ಟಾಪ್ 10 ಪಟ್ಟಿಯಲ್ಲಿ ಪ್ರವೇಶ ನಿಯಂತ್ರಣದ ಈ ಬಗೆಯ ಲೋಪಕ್ಕೇ ಮೊದಲ ಸ್ಥಾನ. ಅಷ್ಟು ಸಾಮಾನ್ಯ. ಆದರೆ ಸ್ಕ್ರಿಪ್ಟ್ ಬರೆಯಬೇಡಿ, ಇನ್ನೊಂದು ಸಂಖ್ಯೆಯನ್ನೂ ಹಾಕಬೇಡಿ ಎಂದು ಗಟ್ಟಿಯಾಗಿಯೇ ಹೇಳಿದೆ. ಅನುಮತಿ ಇಲ್ಲದೆ ಬೇರೆಯವರ ಮಾಹಿತಿ ತೆಗೆಯುವುದು ಬಹಳಷ್ಟು ದೇಶಗಳಲ್ಲಿ ಅಪರಾಧ. ಉದ್ದೇಶ ಒಳ್ಳೆಯದಿತ್ತು ಅನ್ನುವುದು ಕಾಪಾಡುತ್ತದೆ ಎಂಬ ಖಾತ್ರಿ ಇಲ್ಲ. ಕಾನೂನಿನ ಮಾತು ಹಾಗಿರಲಿ, ಆ ಬಿಲ್‌ಗಳ ಹಿಂದೆ ಮನೆ ವಿಳಾಸ, ಫೋನ್ ನಂಬರ್ ಇರುವ ಮನುಷ್ಯರಿದ್ದಾರೆ. ಅವರ ಮಾಹಿತಿ ಕಾಯುವುದೇ ನಾವು ಕಲಿಯಲು ಹೊರಟ ಕೆಲಸ.

ಮಾಡಬೇಕಾದ್ದು ಇಷ್ಟು. ನೋಡಿದ ಬೇರೆಯವರ ಬಿಲ್ ಇಟ್ಟುಕೊಳ್ಳಬಾರದು. ಆ ಸೈಟಿನಲ್ಲಿ ಸೆಕ್ಯುರಿಟಿ ಡಾಟ್ ಟಿಎಕ್ಸ್‌ಟಿ ಎಂಬ ಕಡತ ಇದೆಯಾ ನೋಡಬೇಕು. ಲೋಪ ಕಂಡವರು ಯಾರಿಗೆ ಬರೆಯಬೇಕೆಂದು ತಿಳಿಸಲೆಂದೇ ಇರುವ ಕಡತ ಅದು, ಅದರ ರೂಪುರೇಷೆ 2022ರಲ್ಲಿ ಆರ್‌ಎಫ್‌ಸಿ 9116 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆಯಾಗಿ ಪ್ರಕಟವಾಯಿತು. ಇದ್ದರೆ ಆ ವಿಳಾಸಕ್ಕೆ, ಇಲ್ಲದಿದ್ದರೆ ಸೈಬರ್ ಘಟನೆಗಳನ್ನು ನಿಭಾಯಿಸುವ ದೇಶದ ಸರ್ಟ್ ತಂಡಕ್ಕೆ, ಏನು ಕಂಡಿತು ಎಂದು ನೇರವಾಗಿ ಬರೆಯಬೇಕು. ಹಣ ಕೇಳಬಾರದು, 'ಬಹಿರಂಗ ಮಾಡುತ್ತೇನೆ' ಎಂಬ ಧಾಟಿ ಬರಬಾರದು. ಅವರು ಬರೆದ ಕರಡನ್ನು ಇಬ್ಬರೂ ಕೂತು ಓದಿದೆವು. ಕೆಲ ದಿನಕ್ಕೆ 'ಸರಿಪಡಿಸಿದ್ದೇವೆ' ಎಂದು ಒಂದು ಸಾಲಿನ ಉತ್ತರ ಬಂತು. ಕೈ ತುರಿಸಿದರೆ ಅದಕ್ಕೆಂದೇ ಮಾಡಿಟ್ಟ ಜಾಗಗಳಿವೆ: ಪೋರ್ಟ್‌ಸ್ವಿಗರ್‌ನ ವೆಬ್ ಸೆಕ್ಯುರಿಟಿ ಅಕಾಡೆಮಿ, ಓವಾಸ್ಪ್‌ನ ಜ್ಯೂಸ್ ಶಾಪ್, ಓವರ್‌ದವೈರ್‌ನ ಬ್ಯಾಂಡಿಟ್. ಎಲ್ಲವೂ ಉಚಿತ. ಇದೇ ಬಗೆಯ ಲೋಪವನ್ನು ಮೊದಲ ಎರಡರಲ್ಲಿ ಎಷ್ಟು ಸಲ ಬೇಕಾದರೂ ಒಡೆದು ನೋಡಬಹುದು.

ಮೂರನೇ ಸಲಹೆ ಅವರಿಗೆ ಹಿಡಿಸಲಿಲ್ಲ. ಹೊರಗೆ ಅರ್ಜಿ ಹಾಕುವುದನ್ನು ಸದ್ಯ ನಿಲ್ಲಿಸಿ, ನಿಮ್ಮ ಕಂಪನಿಯ ಸೆಕ್ಯುರಿಟಿ ತಂಡದವರನ್ನು ಹೋಗಿ ಕೇಳಿ ಎಂದೆ. ಯಾರಿಗೂ ಬೇಡವಾದ ಕೆಲಸ ಏನಿದೆಯೋ ಅದನ್ನೇ ಕೇಳಿ. "ಅವರು ಪ್ಯಾಚ್ ಪಟ್ಟಿ ಹಿಡಿದು ಓಡಾಡು ಅಂತಾರೆ ಸರ್. ಅದೇನು ಸೆಕ್ಯುರಿಟಿನಾ?"

ಆಗ ವಾನ್ನಾಕ್ರೈ ಕಥೆ ಹೇಳಿದೆ. 2017ರ ಮೇ 12ರಂದು ಶುರುವಾಗಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಆ ರ‍್ಯಾನ್ಸಮ್‌ವೇರ್ ಜಗತ್ತನ್ನೇ ಸುತ್ತಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಸಾವಿರಾರು ಅಪಾಯಿಂಟ್‌ಮೆಂಟ್‌ಗಳು ರದ್ದಾದವು. ಅದು ಹರಡಿದ ಲೋಪಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪ್ಯಾಚ್ ಬಿಡುಗಡೆ ಮಾಡಿತ್ತು. ಪ್ಯಾಚ್ ಹಾಕಿಕೊಳ್ಳಲು ಸುಮಾರು ಎರಡು ತಿಂಗಳು ಸಮಯ ಇತ್ತು. ಯಾವ ಯಂತ್ರಕ್ಕೆ ಹಾಕಿಲ್ಲ, ಯಾಕೆ ಹಾಕಿಲ್ಲ, ಹಾಕಿದರೆ ಏನು ನಿಂತುಹೋಗುತ್ತದೆ ಎಂದು ಹಟ ಹಿಡಿದು ಕೇಳುವ ಒಬ್ಬರು ಇದ್ದ ಕಡೆ ಕಥೆ ಬೇರೆಯಾಗಿರುತ್ತಿತ್ತು. ಆ ಹಟಕ್ಕೆ ಸಪೋರ್ಟ್ ಡೆಸ್ಕ್‌ನಲ್ಲಿ ಪಳಗಿದವರಿಗಿಂತ ಹೊಂದುವವರು ಕಡಿಮೆ. ಯಾವ ವಿಭಾಗದ ಯಂತ್ರ ಯಾರ ಮೇಜಿನ ಮೇಲಿದೆ, ಯಾರು ಅಪ್‌ಡೇಟ್ ಮುಂದೂಡುತ್ತಲೇ ಇರುತ್ತಾರೆ ಎಲ್ಲ ಅವರಿಗೆ ಗೊತ್ತು. ಹಳೇ ಸಾಫ್ಟ್‌ವೇರ್ ನಂಬಿ ಕೂತವರನ್ನು ಒಪ್ಪಿಸುವ ಮಾತೂ ಗೊತ್ತು.

ಒಲ್ಲದ ಮನಸ್ಸಿನಿಂದಲೇ ಕೇಳಿದರು. ಮೊದಲು ಸಿಕ್ಕಿದ್ದು ನೌಕರರು ಅನುಮಾನ ಬಂದು ಕಳಿಸುವ ಫಿಶಿಂಗ್, ಅಂದರೆ ಮೋಸದ ಮೇಲ್‌ಗಳನ್ನು ವಿಂಗಡಿಸುವ ಕೆಲಸ, ವಾರಕ್ಕೆ ಅರ್ಧ ದಿನ. ಮೇಲ್ ಹೆಡರ್ ಓದುವುದು, ಮೇಲ್ ಹೇಳಿದ ಕಡೆಯಿಂದಲೇ ಬಂದಿದೆಯಾ ಎಂದು ಪರೀಕ್ಷಿಸುವ ಎಸ್‌ಪಿಎಫ್, ಡಿಕಿಮ್ ಫಲಿತಾಂಶ ನೋಡುವುದು, ಲಿಂಕ್ ನಿಜವಾಗಿ ಎಲ್ಲಿಗೆ ಹೋಗುತ್ತದೆ ಎಂದು ಪ್ರತ್ಯೇಕ ಯಂತ್ರದಲ್ಲಿ ತೆರೆದು ನೋಡುವುದು. ಲೆಕ್ಕಪತ್ರ ವಿಭಾಗದ ನೌಕರರೊಬ್ಬರ ಅಕೌಂಟ್‌ನಿಂದ ಬಂದ ಒಂದು ಮೇಲ್ ಎಲ್ಲ ಪರೀಕ್ಷೆಯಲ್ಲೂ ಪಾಸಾಗಿತ್ತು, ಆದರೂ ಅವರಿಗೆ ಅನುಮಾನ ಹೋಗಲಿಲ್ಲ. ಆ ನೌಕರರು ಯಾವತ್ತೂ ಹಾಗೆ ಮಾತಾಡುವವರಲ್ಲ, ಪ್ರತಿ ಸಲ ಫೋನ್ ಮಾಡಿಯೇ ಕೇಳುವವರು ಎಂದು ಅವರಿಗೆ ಗೊತ್ತಿತ್ತು. ನೋಡಿದರೆ ಆ ಅಕೌಂಟೇ ಬೇರೆಯವರ ಕೈಗೆ ಹೋಗಿತ್ತು. ಆಮೇಲೆ ತಂಡದವರೇ ಇವರನ್ನು ಕೇಳಿಕೊಂಡು ಬರತೊಡಗಿದರು.

ಸರ್ಟಿಫಿಕೇಟ್ ಬಗ್ಗೆ ಕೊನೆಗೂ ಮಾತಾಡಿದೆವು. ಅವು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಅರ್ಜಿಗಳ ಮೊದಲ ಜರಡಿ ದಾಟಲು ಬೇಕಾಗುತ್ತವೆ. ಬುನಾದಿ ಗಟ್ಟಿಯಾದ ಮೇಲೆ ಸೆಕ್ಯುರಿಟಿ ಪ್ಲಸ್‌ನಂಥ ಒಂದು ಸಾಕು. ಓಎಸ್‌ಸಿಪಿ ಸುಮಾರು 24 ಗಂಟೆಯ ಪ್ರಾಯೋಗಿಕ ಪರೀಕ್ಷೆ, ಅದಾದ ಮೇಲೆ ವರದಿ ಬರೆಯಲು ಇನ್ನೊಂದು ದಿನ. ಪೆನೆಟ್ರೇಶನ್ ಟೆಸ್ಟಿಂಗ್‌ಗೇ ಹೋಗುವವರಿಗೆ ಸರಿ, ಇವರಿಗೆ ಈಗ ಬೇಡ. ಸಿಐಎಸ್‌ಎಸ್‌ಪಿ ಪೂರ್ತಿ ಸಿಗಲು ಐದು ವರ್ಷದ ಸಂಬಂಧಿತ ಅನುಭವ ಬೇಕು. ಅದನ್ನು ಸುಮ್ನೆ ಎತ್ತಿಟ್ಟುಬಿಡಿ ಎಂದೆ. ಒಂದು ವಿಷಯ ಮಾತ್ರ ಹುಡುಕಿ ತೋರಿಸಿದೆ: ಅಕೌಂಟ್ ಮತ್ತು ಪ್ರವೇಶ ನಿರ್ವಹಣೆ ಆ ಪರೀಕ್ಷೆಯ ಎಂಟು ವಿಭಾಗಗಳಲ್ಲಿ ಒಂದು. ತಾವು ವರ್ಷಗಟ್ಟಲೆ ಮಾಡಿದ ಕೆಲಸಕ್ಕೆ ಅಲ್ಲೊಂದು ಹೆಸರಿದೆ ಎಂದು ನೋಡಿ ಅವರು ಸುಮಾರು ಹೊತ್ತು ಆ ಪುಟವನ್ನೇ ಓದುತ್ತಿದ್ದರು.

ಸಾಕ್ ಕೆಲಸದ ಕಷ್ಟವನ್ನೂ ಮುಚ್ಚಿಡಲಿಲ್ಲ. ರಾತ್ರಿ ಪಾಳಿ ಇರುತ್ತದೆ. ದಿನಕ್ಕೆ ಬರುವ ಎಚ್ಚರಿಕೆಗಳಲ್ಲಿ ಬಹುಪಾಲು ಸುಳ್ಳು, ನೋಡಿ ನೋಡಿ ಕಣ್ಣು ಮರಗಟ್ಟುತ್ತದೆ. ಮನೆಯವರನ್ನೂ ಒಂದು ಭೇಟಿಗೆ ಕರೆತನ್ನಿ ಎಂದೆ, ಬಂದರು. ವಯಸ್ಸಿನ ಮಾತು ಅಲ್ಲಿ ಮತ್ತೆ ಬಂತು. ಇವರು ತಾವೇ ಲ್ಯಾಪ್‌ಟಾಪ್ ತೆರೆದು ಬರೆದ ಪುಟಗಳನ್ನು ಒಂದೊಂದಾಗಿ ತೋರಿಸಿದರು. ರಾತ್ರಿ ಪಾಳಿ ಸದ್ಯಕ್ಕೆ ಆಗುವುದಿಲ್ಲ, ಹಗಲಿನ ಕೆಲಸ ಆದರೆ ಸರಿ ಎಂಬಲ್ಲಿಗೆ ಮನೆಯವರು ಒಪ್ಪಿದರು. ಹಾಗಾಗಿ ಸಾಕ್ ಬದಲು ಲೋಪ ನಿರ್ವಹಣೆ ಎಂದು ಗುರಿ ಸ್ವಲ್ಪ ತಿರುಗಿತು.

ಈಗ ಅವರು ಅರ್ಧ ಹೊತ್ತು ಸಪೋರ್ಟ್ ಡೆಸ್ಕ್‌ನಲ್ಲಿ, ಅರ್ಧ ಹೊತ್ತು ಸೆಕ್ಯುರಿಟಿ ತಂಡದಲ್ಲಿ ಇದ್ದಾರೆ. ಹುದ್ದೆಯ ಹೆಸರು ಇನ್ನೂ ಬದಲಾಗಿಲ್ಲ, ಸಂಬಳವೂ ಅಷ್ಟೇ ಇದೆ. ಅದನ್ನು ಮ್ಯಾನೇಜರ್ ಹತ್ತಿರ ಹೇಗೆ ಕೇಳಬೇಕು ಎಂಬುದು ಮುಂದಿನ ಭೇಟಿಯ ವಿಷಯ. ಅಷ್ಟರೊಳಗೆ ಈ ಅವಧಿಯಲ್ಲಿ ತಾವು ಮುಚ್ಚಿಸಿದ ಲೋಪಗಳ ಪಟ್ಟಿಯನ್ನು, ಯಾವುದಕ್ಕೆ ಎಷ್ಟು ದಿನ ಹಿಡಿಯಿತು ಎಂಬುದರ ಜತೆ, ಒಂದೇ ಪುಟಕ್ಕೆ ಇಳಿಸಿ ತರಲು ಹೇಳಿದ್ದೇನೆ.