ಕೋರ್ಟಿನ ‘ವಾಂಟ್’ ಬೇರೆ

ಹಾವೇರಿ ಕಡೆಯ ಓದುಗರೊಬ್ಬರ ಪತ್ರ: ‘ನಮ್ಮ ಕಾಕಾನ ಹೊಲದ ದಾವೆ ವಜಾ ಆಯಿತು. ಆದೇಶದಲ್ಲಿ “ಡಿಸ್ಮಿಸ್ಡ್ ಫಾರ್ ವಾಂಟ್ ಆಫ್ ಪ್ರಾಸಿಕ್ಯೂಷನ್” ಅಂತ ಇದೆ. ವಾಂಟ್ ಅಂದರೆ “ಬೇಕು” ಅಂತ ಸಾಲಿಯಲ್ಲಿ ಕಲಿತವರು ನಾವು. ಕಾಕಾ ಯಾರ ಮೇಲೂ ಪ್ರಾಸಿಕ್ಯೂಷನ್ ಬೇಕು ಅಂದಿರಲಿಲ್ಲ. ಇದೇನ್ರಿ ಹಿಂಗ?’

ಸಂಪಾದಕರ ಉತ್ತರ: ಕಾಕಾ ಹಾಗೆ ಕೇಳಿಲ್ಲ, ಕೋರ್ಟೂ ಹಾಗೆ ಹೇಳಿಲ್ಲ. ಇಲ್ಲಿ ವಾಂಟ್ ಅಂದರೆ ಇಲ್ಲದಿರುವುದು. ಪ್ರಾಸಿಕ್ಯೂಷನ್ ಅಂದರೆ ಪೊಲೀಸ್ ಕೇಸಲ್ಲ, ಹೂಡಿದ ದಾವೆಯನ್ನು ಮುಂದಕ್ಕೆ ನಡೆಸುವುದು. ದಾವೆ ಹಾಕಿದವರ ಕಡೆಯಿಂದ ಅದನ್ನು ನಡೆಸುವವರು ಇರಲಿಲ್ಲ, ಅದಕ್ಕೇ ವಜಾ.

ನೀವು ಸಾಲಿಯಲ್ಲಿ ಕಲಿತದ್ದೇನೂ ತಪ್ಪಲ್ಲ. ಆದರೆ ಆ ಅರ್ಥ ಹೊಸದು. ಈ ಪದ ಮೂಲದಲ್ಲಿ ಇಂಗ್ಲಿಷರದ್ದೇ ಅಲ್ಲ. ಒಂಬತ್ತನೇ ಶತಮಾನದಲ್ಲಿ ಡೆನ್ಮಾರ್ಕ್, ನಾರ್ವೆ ಕಡೆಯಿಂದ ಹಡಗೇರಿ ಬಂದವರು ಇಂಗ್ಲೆಂಡಿನಲ್ಲಿ ನೆಲೆ ನಿಂತರು. ಅವರ ಭಾಷೆಯ ‘ವಾಂಟಾ’, ಅಂದರೆ ಕಡಿಮೆ ಬೀಳು, ಸುಮಾರು 1200ರ ಹೊತ್ತಿಗೆ ಇಂಗ್ಲಿಷ್ ಬರಹದಲ್ಲಿ ಕಾಣಿಸುತ್ತದೆ. ಚಂದ್ರ ಕರಗುವುದಕ್ಕೆ ಇಂಗ್ಲಿಷಿನಲ್ಲಿ ‘ವೇನ್’ ಅಂತಾರಲ್ಲ, ಅದೂ ಇದರ ಬಳಗದ್ದೇ. ಕೊರತೆ ಇದ್ದವನಿಗೆ ಅದು ಬೇಕಾಗುತ್ತದೆ, ಬೇಕಾದವನಿಗೆ ಆಸೆ ಹುಟ್ಟುತ್ತದೆ. ಪದವೂ ಇದೇ ದಾರಿ ಹಿಡಿಯಿತು. ಆಸೆ ಅನ್ನುವ ಅರ್ಥ ಬಳಕೆಗೆ ಬಂದದ್ದು ಹದಿನೆಂಟನೇ ಶತಮಾನದ ಹೊತ್ತಿಗೆ.

ಹಳೇ ಅರ್ಥ ಗಟ್ಟಿಯಾಗಿ ಉಳಿದಿರುವ ಒಂದು ಜಾಗ 1611ರ ಇಂಗ್ಲಿಷ್ ಬೈಬಲ್. ‘ದೇವರು ನನ್ನ ಕುರುಬ’ ಅಂತ ಶುರುವಾಗುವ 23ನೇ ಕೀರ್ತನೆಯ ‘ಐ ಶಲ್ ನಾಟ್ ವಾಂಟ್’ ಸಾಲನ್ನು ‘ನನಗೆ ಬೇಡ’ ಅಂತ ಓದಿಕೊಂಡರೆ ದೇವರನ್ನೇ ಬೇಡ ಅಂದ ಹಾಗಾಗುತ್ತದೆ! ಕನ್ನಡ ಬೈಬಲಿನಲ್ಲಿ ಆ ತೊಡಕೇ ಇಲ್ಲ, ಅಲ್ಲಿ ‘ಕೊರತೆ’ ಅಂತಲೇ ಇದೆ. 1942ರಲ್ಲಿ ಸಾಮಾಜಿಕ ಭದ್ರತೆಯ ಕುರಿತ ಬ್ರಿಟನ್ನಿನ ಬೆವರಿಜ್ ವರದಿ, ಸಮಾಜವನ್ನು ಕಾಡುವ ಪಿಡುಗುಗಳನ್ನು ಐದು ದೈತ್ಯರು ಅಂತ ಹೆಸರಿಸಿದಾಗ ಅದರಲ್ಲೊಬ್ಬ ‘ವಾಂಟ್’. ಆಸೆಯಲ್ಲ, ಬಡತನ. ‘ನೀಡ್’ ಪದದ ಕಥೆ ಇನ್ನೂ ಕಠಿಣ. ಅದರ ಜರ್ಮನ್ ಅಣ್ಣತಮ್ಮ ‘ನೋಟ್’ ಅಂದರೆ ಇವತ್ತಿಗೂ ಸಂಕಟ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಐಸ್‌ಲ್ಯಾಂಡಿನವರ ಮಾತು. ‘ವಾಂಟಾ’ ಅವರಲ್ಲಿ ಇನ್ನೂ ಜೀವಂತವಾಗಿದೆ. ಅದರ ಜೊತೆ ಅವರು ‘ನಾನು’ ಅನ್ನುವುದಿಲ್ಲ, ‘ನನ್ನನ್ನು’ ಅನ್ನುವ ರೂಪ ಬಳಸುತ್ತಾರೆ. ನಾವೂ ಅಷ್ಟೇ ಅಲ್ವಾ? ‘ನಾನು ಬೇಕು’ ಅನ್ನಲ್ಲ, ‘ನನಗ ಬೇಕ್ರಿ’ ಅಂತೀವಿ. ನಮ್ಮ ‘ಬೇಕು’ ಹಳಗನ್ನಡದ ‘ಬೇಳ್ಕುಂ’. ಆದರೆ ಅದು ಹುಟ್ಟಿದ್ದು ಕೊರತೆಯಿಂದಲ್ಲ, ಬಯಕೆಯಿಂದ. ಇವತ್ತು ಅದೊಂದೇ ಮಾತು ಔಷಧಿಗೂ ಸಾಕು, ಮಿರ್ಚಿ ಭಜಿಗೂ ಸಾಕು.

ಪತ್ರದ ಕೊನೆಗೆ ನೀವು, ‘ವಕೀಲರು ವಾಂಟೆಡ್ಲಿ ಬಿಟ್ಟರೇನೋ’ ಅಂತ ಅನುಮಾನ ಪಟ್ಟಿದ್ದೀರಿ. ಈ ‘ವಾಂಟೆಡ್ಲಿ’ ನಮ್ಮ ಕಡೆಯ ಸರಕು. ‘ಬೇಕಂತಲೇ’ ಅನ್ನುವುದಕ್ಕೆ ಇಂಗ್ಲಿಷ್ ಅಂಗಿ ತೊಡಿಸಿದ್ದೇವೆ, ಲಂಡನ್ನಿನವರಿಗೆ ಅರ್ಥವಾಗಲಿಕ್ಕಿಲ್ಲ. ಮಾತು ಸೊಗಸಾಗಿದೆ, ಆದರೆ ಆದೇಶದಲ್ಲಿರುವ ‘ವಾಂಟ್’ ನೋಡಿ ಆ ಅನುಮಾನಕ್ಕೆ ಬರಬೇಡಿ. ಯಾಕೆ ಯಾರೂ ಬರಲಿಲ್ಲ ಅನ್ನುವುದನ್ನು ಆ ಪದ ಹೇಳುವುದಿಲ್ಲ.

ಈಗ ಪದಕ್ಕಿಂತ ತುರ್ತಾದದ್ದು ಆದೇಶದ ಮೇಲಿನ ತಾರೀಖು. ಹೀಗೆ ವಜಾ ಆದ ದಾವೆಯನ್ನು ಮತ್ತೆ ದಾಖಲೆಗೆ ತರಲು ಅರ್ಜಿ ಹಾಕಬಹುದು. ಅದಕ್ಕೆ 1963ರ ಕಾಲಮಿತಿ ಕಾಯ್ದೆ ಕೊಡುವುದು ವಜಾ ಆದ ದಿನದಿಂದ 30 ದಿನ. ದಾಟಿದ್ದರೆ ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿ ಇನ್ನೊಂದು ಅರ್ಜಿಯನ್ನೂ ಜೊತೆಗಿಡಬೇಕು. ಆದೇಶದ ನಕಲು ತೆಗೆದುಕೊಂಡು ಕಾಕಾ ಅವರನ್ನು ಈ ವಾರವೇ ವಕೀಲರ ಹತ್ತಿರ ಕರೆದುಕೊಂಡು ಹೋಗಿ.