ವರ್ಷಕ್ಕೊಂದು ದಿನದ ದಾನ ಸಾಕೇ?

ಪ್ರಶ್ನೆ: ನಾನು ಪ್ರತಿ ವರ್ಷ ಹುಟ್ಟುಹಬ್ಬದ ದಿನ ಒಂದು ವೃದ್ಧಾಶ್ರಮದಲ್ಲಿ ಎಲ್ಲರಿಗೂ ಊಟ ಹಾಕಿಸಿ, ಹಳೆಯ ಬಟ್ಟೆಗಳನ್ನು ಕೊಟ್ಟು ಬರುತ್ತೇನೆ. ಉಳಿದ ದಿನಗಳಲ್ಲಿ ಏನನ್ನೂ ಮಾಡುತ್ತಿಲ್ಲವೆಂಬ ಕೊರಗು ನನಗಿದೆ. ಸಂಬಳ ದೊಡ್ಡದಲ್ಲ, ಬಿಡುವೂ ಕಡಿಮೆ. ನನ್ನಂಥವರಿಂದ ವರ್ಷವಿಡೀ ನೆರವಾಗುವುದು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ನೀವು ಈಗ ಒಂದೇ ದಿನ ಖರ್ಚು ಮಾಡುವ ಹಣವನ್ನು ಹನ್ನೆರಡು ಪಾಲು ಮಾಡಿ ತಿಂಗಳಿಗೊಂದು ಪಾಲಿನಂತೆ ಕೊಟ್ಟರೆ, ಒಂದು ರೂಪಾಯಿಯನ್ನೂ ಹೆಚ್ಚಿಸದೆ ಅದರ ಪ್ರಯೋಜನವನ್ನು ಹೆಚ್ಚಿಸಬಹುದು ಎಂದು ನಾನು ನಂಬಿದ್ದೇನೆ. ಏಕೆಂದರೆ ಬಾಡಿಗೆ, ವಿದ್ಯುತ್ ಬಿಲ್ಲು, ಔಷಧಿ, ಆರೈಕೆ ಮಾಡುವವರ ಸಂಬಳ ಇವೆಲ್ಲ ಆಶ್ರಮಕ್ಕೆ ತಿಂಗಳು ತಿಂಗಳೂ ಎದುರಾಗುವ ಖರ್ಚುಗಳು. ವಿಶೇಷ ದಿನಗಳಲ್ಲಿ ಒಮ್ಮೆಲೇ ಬಂದು ಆಮೇಲೆ ನಿಂತುಹೋಗುವ ಕೊಡುಗೆಗಳನ್ನು ನೆಚ್ಚಿಕೊಂಡು ಅವನ್ನು ನಿಭಾಯಿಸಲು ಆಗುವುದಿಲ್ಲ. ಮೊತ್ತ ಚಿಕ್ಕದಾದರೂ ಇಂಥ ತಾರೀಕಿಗೆ ಬಂದೇ ಬರುತ್ತದೆ ಎಂಬ ಭರವಸೆಯಿದ್ದರೆ, ಅದನ್ನು ನಂಬಿ ಆಶ್ರಮದವರು ಆರೈಕೆಯ ಸಿಬ್ಬಂದಿಯನ್ನು ಉಳಿಸಿಕೊಳ್ಳಬಲ್ಲರು, ಮುಂದಿನ ತಿಂಗಳ ಔಷಧಿಗೆ ಈಗಲೇ ಏರ್ಪಾಡು ಮಾಡಬಲ್ಲರು. ಬ್ಯಾಂಕಿಗೆ ಒಮ್ಮೆ ಸೂಚನೆ ಕೊಟ್ಟಿಟ್ಟರೆ ಹಣ ತಾನಾಗಿ ಹೋಗುತ್ತದೆ. ನಿಮ್ಮ ಬಿಡುವಿನ ಕೊರತೆ ಇದಕ್ಕೆ ಅಡ್ಡಿಯಾಗದು. ಊಟಕ್ಕೇ ಬಳಸಬೇಕೆಂಬ ಷರತ್ತನ್ನು ಮಾತ್ರ ಹಾಕಬೇಡಿ. ಊಟ ಕೊಡಲು ಅನೇಕರು ಮುಂದೆ ಬರುತ್ತಾರೆ, ವಿದ್ಯುತ್ ಬಿಲ್ಲು ಕಟ್ಟಲು ಬರುವವರು ಅಪರೂಪ.

ನಿರಂತರತೆಗೆ ಏಕೆ ಇಷ್ಟು ಒತ್ತು ಕೊಡುತ್ತಿದ್ದೇನೆ ಎಂಬುದು ರಕ್ತದಾನವನ್ನು ನೋಡಿದರೆ ಸ್ಪಷ್ಟವಾಗುತ್ತದೆ. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ್ದು 1868ರ ಜೂನ್ 14ರಂದು. ಆ ದಿನವನ್ನೇ ವಿಶ್ವ ರಕ್ತದಾನಿಗಳ ದಿನವಾಗಿ ಆಚರಿಸಲಾಗುತ್ತಿದೆ. ಆದರೆ ಸಂಗ್ರಹಿಸಿದ ಕೆಂಪು ರಕ್ತಕಣಗಳನ್ನು ಶೈತ್ಯದಲ್ಲಿ ಇಟ್ಟರೂ ಸಾಮಾನ್ಯವಾಗಿ ಹೆಚ್ಚೆಂದರೆ 42 ದಿನ ಬಳಸಬಹುದು, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳನ್ನಂತೂ 5ರಿಂದ 7 ದಿನ ಮಾತ್ರ. ಜೂನ್ 14ರಂದು ಎಷ್ಟೇ ಜನ ಸಾಲುಗಟ್ಟಿ ನಿಂತು ರಕ್ತ ಕೊಟ್ಟರೂ ಆ ಕೆಂಪು ಕಣಗಳು ಆಗಸ್ಟ್ ತಿಂಗಳಿಗೆ ಒದಗುವುದಿಲ್ಲ. ಇತ್ತ ತೀವ್ರ ಸ್ವರೂಪದ ಥಲಸ್ಸೇಮಿಯಾ (ಆರೋಗ್ಯಕರ ಕೆಂಪು ರಕ್ತಕಣಗಳು ದೇಹದಲ್ಲಿ ಸಾಕಷ್ಟು ತಯಾರಾಗದ, ವಂಶಪಾರಂಪರ್ಯವಾಗಿ ಬರುವ ಕಾಯಿಲೆ) ಇರುವ ಮಗುವಿಗೆ ಸಾಮಾನ್ಯವಾಗಿ 2ರಿಂದ 5 ವಾರಗಳಿಗೊಮ್ಮೆ ರಕ್ತ ಬೇಕು. ಆ ಮಗುವಿನ ತಾಯಿ ತಂದೆ ಪ್ರತಿ ಸಲವೂ ದಾನಿಗಾಗಿ ಅಲೆಯದಂತೆ ನೋಡಿಕೊಳ್ಳುವುದು ತಪ್ಪದೆ ಬರುವ ದಾನಿಗಳಿಂದಲೇ ಆಗಬೇಕಾದ ಕೆಲಸ. ಎರಡು ದಾನಗಳ ನಡುವೆ ಇರಬೇಕಾದ ಅಂತರ ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಸುಮಾರು 8ರಿಂದ 16 ವಾರ. ನಿಮ್ಮ ಆರೋಗ್ಯ ಚೆನ್ನಾಗಿದ್ದು ವೈದ್ಯರು ಒಪ್ಪಿದರೆ, ಹಣ ಖರ್ಚಾಗದ ಈ ನೆರವನ್ನು ವರ್ಷದಲ್ಲಿ ಹಲವು ಬಾರಿ ಕೊಡಬಹುದು.

ಇನ್ನು ಬಟ್ಟೆಯ ವಿಷಯ. ಕೊಡುವ ಮೊದಲು ಏನು ಬೇಕೆಂದು ಕೇಳಿ. 2004ರ ಹಿಂದೂ ಮಹಾಸಾಗರದ ಸುನಾಮಿಯ ಬಳಿಕ ಯಾರಿಗೂ ಬೇಡವಾದ ಬಟ್ಟೆಗಳು ರಾಶಿ ರಾಶಿಯಾಗಿ ಬಂದು ಬಿದ್ದು, ಅವನ್ನು ವಿಂಗಡಿಸುವುದೇ ಪರಿಹಾರ ಕಾರ್ಯದಲ್ಲಿ ತೊಡಗಿದ್ದವರಿಗೆ ದೊಡ್ಡ ಹೊರೆಯಾಯಿತು. ಹರಿದ, ಕಲೆಯಾದ ಬಟ್ಟೆಯನ್ನು ಯಾರಿಗೂ ಕೊಡಬಾರದು; ನಾವು ಉಡಲು ಹಿಂಜರಿಯುವುದನ್ನು ಇನ್ನೊಬ್ಬರು ಸಂತೋಷದಿಂದ ಉಡಲಿ ಎಂದು ಬಯಸುವುದು ಅವರಿಗೆ ಮಾಡುವ ಅವಮಾನ.

ಪ್ರಶ್ನೆ: ನಮಗೆ ಪರಿಚಯದ ಒಂದು ಮನೆಯಲ್ಲಿ ದುಡಿಯುತ್ತಿದ್ದ ಯಜಮಾನರು ಕಾಯಿಲೆಯಿಂದ ಹಾಸಿಗೆ ಹಿಡಿದು ತಿಂಗಳುಗಳಾದವು. ಮೊದಮೊದಲು ಎಲ್ಲರೂ ಬಂದು ವಿಚಾರಿಸಿದರು, ಈಗ ಯಾರೂ ಹೋಗುವುದಿಲ್ಲ. ಅವರು ಸ್ವಾಭಿಮಾನಿಗಳು, ಬಾಯಿಬಿಟ್ಟು ಕೇಳುವವರಲ್ಲ. ಅವರ ಮನಸ್ಸಿಗೆ ನೋವಾಗದಂತೆ ನೆರವಾಗುವುದು ಹೇಗೆ?

ಉತ್ತರ: “ಏನಾದರೂ ಬೇಕಿದ್ದರೆ ಸಂಕೋಚಪಡದೆ ಹೇಳಿ” ಎಂಬ ಮಾತನ್ನು ನಾವೆಲ್ಲ ಒಳ್ಳೆಯ ಮನಸ್ಸಿನಿಂದಲೇ ಆಡುತ್ತೇವೆ. ಆದರೆ ಸಂಕೋಚದವರು ಆಮೇಲೆ ಹೇಳುವುದೇ ಇಲ್ಲ, ಏಕೆಂದರೆ ಕೇಳುವ ಕಷ್ಟ ಅವರ ಪಾಲಿಗೇ ಉಳಿದಿರುತ್ತದೆ. ಅದರ ಬದಲು ನಿಶ್ಚಿತವಾದ ಒಂದು ಕೆಲಸವನ್ನು ಹೆಸರಿಸಿ ಕೇಳಿ. “ಗುರುವಾರ ಆಸ್ಪತ್ರೆಗೆ ನಾನು ಜೊತೆಗೆ ಬರಲೇ?”, “ಸಂಜೆ ಒಂದು ಗಂಟೆ ನಾನು ಅವರ ಹತ್ತಿರ ಕೂತಿರುತ್ತೇನೆ, ನೀವು ಸ್ವಲ್ಪ ಮಲಗಿಕೊಳ್ಳುತ್ತೀರಾ?” ಎಂಬಂಥ ಮಾತಿಗೆ ಹೂಂ ಎನ್ನುವುದು ಅವರಿಗೆ ಸುಲಭ. ಪರಿಚಿತರಲ್ಲಿ ನಾಲ್ಕೈದು ಮಂದಿ ಸೇರಿ ವಾರಕ್ಕೊಬ್ಬರಂತೆ ಸರದಿ ಹಾಕಿಕೊಂಡರೆ ಯಾರಿಗೂ ಭಾರವಾಗದು. ಮಧ್ಯದಲ್ಲಿ ಬಿಟ್ಟುಹೋಗದಷ್ಟು ಮಾತ್ರ ಒಪ್ಪಿಕೊಳ್ಳಿ. ಬರುತ್ತೇನೆಂದು ಹೇಳಿ ಬಾರದವರಿಗಾಗಿ ಕಾದು ಕುಳಿತಿರುವುದು ಸಂಕಟದ ಮನೆಯಲ್ಲಿ ಬಹಳ ನೋಯಿಸುತ್ತದೆ.

12ನೆಯ ಶತಮಾನದ ಯೆಹೂದಿ ಚಿಂತಕ ಮೈಮೊನಿಡಿಸ್ ದಾನದಲ್ಲಿ ಎಂಟು ಮೆಟ್ಟಿಲುಗಳನ್ನು ಗುರುತಿಸಿ, ಸಾಲ ಕೊಟ್ಟೋ, ಪಾಲುದಾರಿಕೆ ಮಾಡಿಕೊಂಡೋ, ಕೆಲಸ ಹುಡುಕಿಕೊಟ್ಟೋ ಒಬ್ಬರು ಸ್ವಂತ ಕಾಲ ಮೇಲೆ ನಿಲ್ಲುವಂತೆ ಮಾಡುವುದನ್ನು ಎಲ್ಲಕ್ಕಿಂತ ಮೇಲಿನದಾಗಿ ಇಟ್ಟರು. ನೀವು ಹೇಳುವ ಮನೆಗೂ ಇದು ಹೊಂದುತ್ತದೆ. ಮನೆಯಲ್ಲಿ ದುಡಿಯಬಲ್ಲ ಇನ್ನೊಬ್ಬರಿದ್ದರೆ, ಅವರು ಬಯಸಿದಲ್ಲಿ, ರೋಗಿಯನ್ನು ನೋಡಿಕೊಳ್ಳುತ್ತಲೇ ಮಾಡಬಹುದಾದ ಸಂಪಾದನೆಯ ದಾರಿಯೊಂದನ್ನು ಅವರೊಡನೆ ಕುಳಿತು ಹುಡುಕಿ, ಮೊದಲ ಕೆಲಸ ಸಿಗುವವರೆಗೂ ಜೊತೆಗಿರಿ. ಆ ನಡುವೆ ಹಣ ಕೊಡಲೇಬೇಕಾಗಿ ಬಂದರೆ ನಾಲ್ವರ ಎದುರಿಗಲ್ಲದೆ ಅವರೊಬ್ಬರ ಕೈಗೇ ಕೊಡಿ, ಮತ್ತು ಕೊಟ್ಟದ್ದನ್ನು ಎಲ್ಲಿಯೂ ಹೇಳಬೇಡಿ.