ಹಾಫ್‌ಟೈಮಲ್ಲಿ ಎದ್ದು ಹೋದವನ ಬೆನ್ನು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಕ್ರಿಕೆಟ್ ಒಂದೇ ಒಂದು, ಉಳಿದಿದ್ದೆಲ್ಲ ಅಮೆರಿಕನ್ ಫುಟ್‌ಬಾಲ್. ಮಕ್ಕಳ ಮನೆಗೆ ಅಂತ ಅಲ್ಲಿಗೆ ಹೋದ ಅಪ್ಪ ಅಮ್ಮಂದಿರ ಪ್ರಭಾವ ಇದು ಅಂತ ನನ್ ಗುಮಾನಿ. ಮೂರ್ನಾಲ್ಕು ಜನ ಸುತ್ತಿ ಬಳಸಿ ಒಂದೇ ವಿಷ್ಯ ಕೇಳಿದಾರೆ, ಆಟದ ಮಧ್ಯದಲ್ಲೇ ಟೀಮ್ ಬಿಟ್ಟು ಎದ್ದು ಹೋಗೋರ ಬಗ್ಗೆ, ಅದಕ್ಕೆ ಈ ವಾರದ ಕಾಲಂ ಪೂರ್ತಿ ಅದಕ್ಕೇ ಬಿಟ್ಟಿದೀನಿ.

ಪ್ರಶ್ನೆ: ನಾನು ರಿಟೈರ್ಡ್ ಪಿಟಿ ಮೇಷ್ಟ್ರು. ಮೂವತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ಕಬಡ್ಡಿ, ಖೋಖೋ ಕಲಿಸಿದೀನಿ. ಈಗ ಮಗಳ ಮನೇಲಿ ಟೆನೆಸ್ಸೀಲಿದೀನಿ. ಶನಿವಾರ ಬಂದ್ರೆ ಅಳಿಯ ಬೆಳಗ್ಗಿಂದ ರಾತ್ರಿವರೆಗೂ ಟಿವಿ ಬಿಟ್ಟು ಏಳಲ್ಲ. ಕೆಲವು ವರ್ಷದ ಹಿಂದೆ ಇಲ್ಲಿನ ಕಾಲೇಜ್ ಟೀಮಿನ ಹುಡುಗನೊಬ್ಬ ಮ್ಯಾಚ್ ನಡೀತಿರುವಾಗ್ಲೇ ಎದ್ದು ಒಳಗೆ ಹೋಗ್ಬಿಟ್ಟ ಅಂತ ಹೇಳ್ದ. ನನ್ ಟೀಮಲ್ಲಿ ಹಂಗ್ ಮಾಡಿದ್ರೆ ಮಾರನೇ ದಿನ ಗ್ರೌಂಡ್ ಹತ್ರಾನೂ ಸೇರಿಸ್ತಿರ್ಲಿಲ್ಲ. ಇಲ್ಲಿ ಹೇಳೋರು ಕೇಳೋರು ಯಾರೂ ಇಲ್ವಾ?
(ಹಾಸನದ ಮೇಷ್ಟ್ರು)

ಉತ್ತರ: ಮೇಷ್ಟ್ರೇ, ನಿಮ್ಮ ಅಳಿಯಂದಿರು ಹೇಳಿರೋದು 2018ರ ಸೆಪ್ಟೆಂಬರ್ 22ರ ಮ್ಯಾಚ್ ಇರ್ಬೇಕು. ನಾಕ್ಸ್‌ವಿಲ್‌ನ ನೇಲ್ಯಾಂಡ್ ಸ್ಟೇಡಿಯಂ, ಒಂದು ಲಕ್ಷ ಜನ ಹಿಡಿಯೋ ಜಾಗ, ಎದುರಿಗೆ ಫ್ಲೋರಿಡಾ, ಟೆನೆಸ್ಸೀ ಅವತ್ತು 47-21ರಲ್ಲಿ ಸೋತ್ರು. ಟೆನೆಸ್ಸೀಯ ಒಬ್ಬ ಲೈನ್‌ಬ್ಯಾಕರ್, ಅಂದ್ರೆ ಎದುರಾಳಿಗಳನ್ನ ತಡೆಯೋ ಆಟಗಾರ, ಮಧ್ಯದಲ್ಲೇ ಡ್ರೆಸ್ಸಿಂಗ್ ರೂಮ್ ಕಡೆ ನಡೆದ. ಮ್ಯಾಚ್ ಮುಗಿದ ಮೇಲೆ ಕೋಚ್ ಜೆರೆಮಿ ಪ್ರೂಯಿಟ್ ಹೇಳಿದ್ದು, ಆಡೋಕೆ ಹೋಗು ಅಂದೆ, ಹೋಗಲ್ಲ ಅಂದ, ಹಂಗಾದ್ರೆ ಒಳಗೆ ನಡಿ ಅಂದೆ, ಅಷ್ಟೇ. ಆ ಹುಡುಗ ಹೇಳಿದ್ದೇನಪ್ಪಾ ಅಂದ್ರೆ, ನಾನು ಆಡಲ್ಲ ಅಂತ ಹೇಳೇ ಇಲ್ಲ. ನೋಡಿ, ಒಂದೇ ಘಟನೆ, ಇಬ್ರೂ ಅಲ್ಲೇ ಇದ್ದೋರು, ಎರಡು ಕಥೆ. ಸ್ಟ್ಯಾಂಡಲ್ಲಿ ಕೂತಿದ್ದ ಲಕ್ಷ ಜನಕ್ಕೆ, ಟಿವಿ ಮುಂದೆ ಕೂತಿದ್ದ ಅಳಿಯಂದಿರಿಗೆ ಕಂಡಿದ್ದು ಮಾತ್ರ ಒಂದೇ, ಟನಲ್ ಒಳಗೆ ಹೋಗ್ತಿರೋ ಒಂದು ಬೆನ್ನು. ಎದ್ದು ಹೋದ್ನೋ, ಎದ್ದೋಗು ಅಂದ್ರೋ ಅನ್ನೋದು ಬೆನ್ನು ನೋಡಿದ್ರೆ ಗೊತ್ತಾಗಲ್ಲ.

ಇನ್ನು ನಿಮ್ಮ ಕಬಡ್ಡಿ ಲೆಕ್ಕ ಇಲ್ಲಿಗೆ ಪೂರ್ತಿ ಹೊಂದಲ್ಲ. ಕಬಡ್ಡೀಲಿ ಅಂಕಣದಲ್ಲಿ ಏಳೇ ಜನ, ಒಬ್ಬ ಹೋದ್ರೆ ಮೂಲೆ ಖಾಲಿ ಕಾಣುತ್ತೆ. ಇಲ್ಲಿ ಮೈದಾನದಲ್ಲಿ ಹನ್ನೊಂದು ಜನ ಇದ್ರೂ, ಬಾಲ್ ನಮ್ದಾದಾಗ ಆಡೋ ಹನ್ನೊಂದು ಬೇರೆ, ತಡೆಯೋ ಹನ್ನೊಂದು ಬೇರೆ, ಕಿಕ್ ಹೊಡೆಯುವಾಗ ಬರೋ ಗುಂಪು ಇನ್ನೊಂದು. ದೊಡ್ಡ ಯೂನಿವರ್ಸಿಟಿ ಟೀಮ್ ಅಂದ್ರೆ ನೂರು ಜನದ ಆಸುಪಾಸು, ಅದ್ರಲ್ಲಿ ಸ್ಕಾಲರ್‌ಶಿಪ್ ಮೇಲೆ ಇರೋರೇ ಆವಾಗ 85 ಜನದವರೆಗೆ. ಒಬ್ಬ ಒಳಗೆ ಹೋದ ಅಂತ ಮ್ಯಾಚ್ ನಿಲ್ಲಲ್ಲ, ಬೆಂಚಲ್ಲಿ ಇನ್ನೊಬ್ಬ ಹೆಲ್ಮೆಟ್ ಹಾಕ್ಕೊಂಡು ಕಾಯ್ತಾನೇ ಇರ್ತಾನೆ. ಆದ್ರೆ ಆ ಕಾಯ್ತಿದ್ದವನಿಗೆ ಮಾತ್ರ, ಅದೂ ತಯಾರಿ ಇಲ್ದೆ ಎದುರಿಂದ ನೂರೈವತ್ತು ಕೆಜಿ ಆಸಾಮಿ ನುಗ್ಗಿ ಬರುವಾಗ, ಅದು ತಮಾಷೆ ಅಲ್ಲ.

ಇದೇ ಸಿಟ್ಟು ಅದೇ ತಿಂಗಳು ಇನ್ನೊಂದು ಕಡೆ ಜೋರಾಗಿ ಕೇಳ್ತು. ಅದು ಕಾಲೇಜ್ ಅಲ್ಲ, ಪ್ರೊಫೆಷನಲ್ ಲೀಗ್, ಎನ್‌ಎಫ್‌ಎಲ್. ವಾಂಟೇ ಡೇವಿಸ್ ಅಂತ, ಇಲಿನಾಯ್ ಯೂನಿವರ್ಸಿಟೀಲಿ ಆಡಿ ಬಂದೋನು, ಹತ್ತನೇ ಸೀಸನ್, 2018ರ ಸೆಪ್ಟೆಂಬರ್ 16ಕ್ಕೆ ಬಫಲೋ ಬಿಲ್ಸ್ ಪರ ಚಾರ್ಜರ್ಸ್ ಮೇಲೆ ಆಡ್ತಿದ್ದ. ಹಾಫ್‌ಟೈಮಿಗೆ ಟೀಮ್ 28-6ರಲ್ಲಿ ಹಿಂದೆ. ಬಟ್ಟೆ ಬದಲಾಯಿಸಿಕೊಂಡು ಮನೆಗೆ ಹೋಗಿಬಿಟ್ಟ, ಅಲ್ಲಿಗೆ ರಿಟೈರ್ಮೆಂಟ್. ಆಮೇಲೆ ಬರೆದ ಹೇಳಿಕೇಲಿ, ನಾನಿನ್ನು ಈ ಮೈದಾನದಲ್ಲಿ ಇರಬಾರದು ಅಂತ ಆಡ್ತಾ ಆಡ್ತಾನೇ ಗೊತ್ತಾಗೋಯ್ತು ಅಂದಿದ್ದ, ಎಷ್ಟೋ ಸರ್ಜರಿ ಆಗಿದ್ದ ಮೈ ಅದು. ಜೊತೇಲಿ ಆಡ್ತಿದ್ದ ಲೊರೆಂಜೊ ಅಲೆಕ್ಸಾಂಡರ್ ಸುಮ್ನೆ ಬಿಡ್ಲಿಲ್ಲ, ಇಂಥದ್ದನ್ನ ಎಲ್ಲೂ ನೋಡಿಲ್ಲ, ಇದು ಜೊತೆಗಾರರಿಗೆ ಮಾಡಿದ ಅಗೌರವ ಅಂತ ಎಲ್ಲರ ಎದುರೇ ಹೇಳ್ದ. ನಾನೂ ಆವಾಗ ಅಲೆಕ್ಸಾಂಡರ್ ಕಡೆನೇ ಇದ್ದೆ, ಮುಚ್ಚುಮರೆ ಯಾಕೆ. ಈಗ ಅಷ್ಟು ಗಟ್ಟಿಯಾಗಿ ಹೇಳೋಕಾಗಲ್ಲ. ಮನಸ್ಸು ಇಲ್ದೆ, ಕಾಲು ಏಳದೆ ಆ ಆಟ ಆಡೋನು ತನ್ನ ಕುತ್ತಿಗೆ ಜೊತೆ ಪಕ್ಕದವನ ಕುತ್ತಿಗೇನೂ ಅಪಾಯಕ್ಕೆ ಹಾಕ್ತಾನೆ. ಅವ್ನು ಆಟ ನಿಲ್ಲಿಸಿದ್ದು ತಪ್ಪಲ್ಲ, ಜೊತೆಗಾರರಿಗೆ ಒಂದು ಮಾತು ಹೇಳ್ದೆ ಹೋಗಿದ್ದು ತಪ್ಪು ಅನ್ನೋದು ನನ್ ಈಗಿನ ಲೆಕ್ಕ. ಡೇವಿಸ್ 2024ರ ಏಪ್ರಿಲ್‌ನಲ್ಲಿ ತೀರಿಕೊಂಡ, ಬರೀ 35 ವರ್ಷ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಸ್ಟೂಡೆಂಟ್. ಅಮೆರಿಕದ ಕಾಲೇಜ್ ಆಟಗಾರರು ಈಗ ಮಧ್ಯದಲ್ಲೇ ಟೀಮ್ ಬಿಡೋದು ದುಡ್ಡಿಗೋಸ್ಕರ ಅಂತಾರೆ, ಅವ್ರು ಸ್ಟೂಡೆಂಟ್ಸ್ ಅಲ್ವಾ, ದುಡ್ಡೆಲ್ಲಿಂದ ಬಂತು?
(ಮೈಸೂರಿನ ಓದುಗ)

ಉತ್ತರ: 2021ರ ಜುಲೈ 1ಕ್ಕಿಂತ ಮುಂಚೆ ಒಂದು ಜಾಹೀರಾತಿಗೆ ಮುಖ ಕೊಟ್ರೂ ಆಟದಿಂದ ಹೊರಗೆ, ಅಷ್ಟು ಕಟ್ಟುನಿಟ್ಟು. ಆವತ್ತಿಂದ ತನ್ನ ಹೆಸರು, ಮುಖ ಬಳಸಿಕೊಳ್ಳೋಕೆ ದುಡ್ಡು ತಗೋಬಹುದು ಅಂತ ಕಾಲೇಜ್ ಆಟಗಳ ರೂಲ್ ಮಾಡೋ ಸಂಸ್ಥೆ ಎನ್‌ಸಿಎಎ ಒಪ್ಕೊಳ್ತು, ಎನ್‌ಐಎಲ್ ಅಂತಾರೆ ಅದಕ್ಕೆ. ಜೊತೆಗೆ 2018ರಲ್ಲಿ ಎರಡು ಬಾಗಿಲು ತೆರೆದಿದ್ವು. ಒಂದು, ಟ್ರಾನ್ಸ್‌ಫರ್ ಪೋರ್ಟಲ್. ಬೇರೆ ಕಾಲೇಜಿಗೆ ಹೋಗ್ತೀನಿ ಅಂತ ಹೆಸರು ಹಾಕಿದ್ರೆ ಆಯ್ತು, ಹಳೇ ಕೋಚ್ ಬೇಡ ಅಂದ್ರೂ ತಡೆಯೋಕಾಗಲ್ಲ. ಇನ್ನೊಂದು ರೆಡ್‌ಶರ್ಟ್ ರೂಲ್: ಐದು ವರ್ಷದಲ್ಲಿ ನಾಲ್ಕು ಸೀಸನ್ ಆಡಬಹುದು, ಒಂದು ಸೀಸನ್‌ನಲ್ಲಿ ನಾಲ್ಕು ಮ್ಯಾಚ್‌ವರೆಗೆ ಆಡಿ ನಿಲ್ಲಿಸಿದ್ರೆ ಆ ವರ್ಷ ಖರ್ಚೇ ಆಗಿಲ್ಲ ಅಂತ ಲೆಕ್ಕ. ಹೊಸ ಹುಡುಗರಿಗೆ ಒಂಚೂರು ರುಚಿ ತೋರಿಸೋಕೆ ಅಂತ ಮಾಡಿದ ರೂಲು, ಆದ್ರೆ ಹುಡುಗರು ಕೋಚ್‌ಗಳಿಗಿಂತ ಚುರುಕು.

2018ರಲ್ಲೇ ಕ್ಲೆಮ್ಸನ್ ಯೂನಿವರ್ಸಿಟೀಲಿ ಇದು ಕಾಣಿಸ್ತು. ಕೆಲ್ಲಿ ಬ್ರಯಂಟ್ ಹಿಂದಿನ ಸೀಸನ್‌ನಲ್ಲಿ ಟೀಮನ್ನ ಪ್ಲೇಆಫ್‌ವರೆಗೆ, ಅಂದ್ರೆ ಚಾಂಪಿಯನ್ ಆರಿಸೋ ಕೊನೇ ಸುತ್ತಿನವರೆಗೆ, ಕರ್ಕೊಂಡು ಹೋದ ಕ್ವಾರ್ಟರ್‌ಬ್ಯಾಕ್, ಬಾಲ್ ಎಸೆದು ಆಟ ನಡೆಸೋನು. ನಾಲ್ಕು ಮ್ಯಾಚ್ ಆದ್ಮೇಲೆ ಕೋಚ್ ಡಾಬೋ ಸ್ವಿನ್ನಿ ಇನ್ಮೇಲೆ ಮೊದಲ ಹೆಸರು ಟ್ರೆವರ್ ಲಾರೆನ್ಸ್ ಅಂತ, ಆಗ ತಾನೇ ಕಾಲೇಜಿಗೆ ಸೇರಿದ್ದ ಹುಡುಗನ್ನ ಆರಿಸಿದ್ರು. ಬ್ರಯಂಟ್ ಎರಡೇ ದಿನಕ್ಕೆ ಟೀಮ್ ಬಿಟ್ಟ, ಯಾಕಂದ್ರೆ ಐದನೇ ಮ್ಯಾಚಲ್ಲಿ ಒಂದು ಬಾಲ್ ಮುಟ್ಟಿದ್ರೂ ಆ ವರ್ಷ ಹೋಯ್ತು. ಅದೇ ವಾರ ಸಿರಾಕ್ಯೂಸ್ ಮೇಲೆ ಲಾರೆನ್ಸ್‌ಗೆ ಪೆಟ್ಟಾಯ್ತು, ಬ್ರಯಂಟ್ ಇಲ್ಲ, ಮೂರನೆಯವನು ಚೇಸ್ ಬ್ರೈಸ್ ಬಂದು ಹೆಂಗೋ 27-23ರಲ್ಲಿ ಗೆಲ್ಲಿಸಿದ. ಆ ಸೀಸನ್ ಕ್ಲೆಮ್ಸನ್ 15ಕ್ಕೆ 15 ಗೆದ್ದು ಚಾಂಪಿಯನ್ ಆಯ್ತು, ಬ್ರಯಂಟ್ ಮುಂದಿನ ವರ್ಷ ಮಿಜೂರಿಗೆ ಹೋದ. ಅವನಿಗೆ ನಷ್ಟ ಆಯ್ತಾ ಅಂದ್ರೆ ಆಯ್ತು, ಮೋಸ ಮಾಡಿದ್ನಾ ಅಂದ್ರೆ ಇಲ್ಲ ಅಂತೀನಿ. ಅವನ್ನ ಬೆಂಚಿಗೆ ಕಳಿಸುವಾಗ ಕಾಲೇಜು ತನ್ನ ಲಾಭ ನೋಡ್ತು, ಹೋಗುವಾಗ ಅವ್ನು ತನ್ನದು ನೋಡ್ದ.

ನೀವು ಕೇಳಿದ ದುಡ್ಡಿನ ಕೇಸ್ ಅಂದ್ರೆ 2024ರ ಸೆಪ್ಟೆಂಬರಿನದ್ದು, ಲಾಸ್ ವೇಗಸ್‌ನ ಯುಎನ್‌ಎಲ್‌ವಿ. ಟೀಮ್ ಮೂರಕ್ಕೆ ಮೂರು ಗೆದ್ದಿದೆ, ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಲೂಕಾ ಇನ್ನು ಆಡಲ್ಲ ಅಂತ ಹೊರಟ. ಒಂದು ಲಕ್ಷ ಡಾಲರ್ ಕೊಡ್ತೀವಿ ಅಂತ ಬಾಯಿಮಾತಲ್ಲಿ ಹೇಳಿದ್ರು, ಕೊಡ್ಲಿಲ್ಲ ಅನ್ನೋದು ಅವನ ಕಡೆಯವರ ವಾದ, ಅಂಥ ಒಪ್ಪಂದ ಇರ್ಲಿಲ್ಲ ಅನ್ನೋದು ಆ ಕಡೆಯವರದ್ದು. ಬಾಯಿಮಾತಿನ ಲಕ್ಷ! ನಮ್ಮೂರಲ್ಲಿ ಸೈಟ್ ಅಡ್ವಾನ್ಸ್ ಕೊಡೋರೂ ಒಂದು ಬಿಳಿ ಹಾಳೆ ಮೇಲೆ ಸೈನ್ ಹಾಕಿಸ್ಕೋತಾರೆ. ಅವ್ನ ಜಾಗಕ್ಕೆ ಬಂದ ಹಜ್ ಮಲಿಕ್ ವಿಲಿಯಮ್ಸ್ ಚೆನ್ನಾಗೇ ಆಡ್ದ, ಟೀಮ್ 11 ಮ್ಯಾಚ್ ಗೆಲ್ತು. 2025ರ ಜೂನ್‌ನಲ್ಲಿ ಕೋರ್ಟ್ ಒಂದು ದೊಡ್ಡ ರಾಜಿಗೆ ಒಪ್ಪಿಗೆ ಕೊಟ್ಮೇಲೆ ಈಗ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಂಚಬಹುದು, ಒಂದು ಕಾಲೇಜಿಗೆ ಎಲ್ಲಾ ಆಟ ಸೇರಿ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ.

ಪ್ರಶ್ನೆ: ನಮ್ಮ ಗವಾಸ್ಕರ್ ಮಧ್ಯದಲ್ಲಿ ಹೊರಟಿದ್ದು ಮರೆತ್ರಾ ಸಾರ್?
(ಶಿವಮೊಗ್ಗದ ಕ್ರಿಕೆಟ್ ಹುಚ್ಚ)

ಉತ್ತರ: ಮರೆಯೋಕುಂಟಾ. 1981ರ ಫೆಬ್ರವರಿ, ಮೆಲ್ಬರ್ನ್. 70 ಹೊಡೆದಿದ್ದಾಗ ಲಿಲ್ಲಿ ಬಾಲಿಗೆ ಎಲ್‌ಬಿಡಬ್ಲ್ಯೂ ಕೊಟ್ರು, ಬಾಲ್ ಬ್ಯಾಟಿಗೆ ತಾಗಿತ್ತು ಅಂತ ಇವ್ರು, ಮೇಲೆ ಆಸ್ಟ್ರೇಲಿಯಾದವರ ಬೈಗುಳ ಬೇರೆ, ಜೊತೆಗಾರ ಚೇತನ್ ಚೌಹಾಣ್‌ನ ಎಳ್ಕೊಂಡು ಹೊರಟೇಬಿಟ್ರು. ಬೌಂಡರಿ ಗೆರೆ ಹತ್ರ ಮ್ಯಾನೇಜರ್ ವಿಂಗ್ ಕಮಾಂಡರ್ ದುರಾನಿ ಅಡ್ಡ ನಿಂತು ಚೌಹಾಣ್‌ನ ವಾಪಸ್ ಕಳಿಸಿದ್ರು, ಇಲ್ದಿದ್ರೆ ಮ್ಯಾಚೇ ಕೈ ಬಿಡ್ತಿತ್ತು. ಆಮೇಲೆ ಆಸ್ಟ್ರೇಲಿಯಾ 83ಕ್ಕೆ ಆಲೌಟ್, ಕಪಿಲ್‌ಗೆ ಐದು ವಿಕೆಟ್, ನಾವು 59 ರನ್ನಿಂದ ಗೆದ್ವಿ. ಮಾಡಿದ್ದು ತಪ್ಪು ಅಂತ ಗವಾಸ್ಕರ್ ಆಮೇಲೆ ತಾವೇ ಒಪ್ಕೊಂಡ್ರು. ನನ್ ಹೊಟ್ಟೆಕಿಚ್ಚು ಇಷ್ಟೇ: ಅದೇ ಮ್ಯಾಚಲ್ಲಿ ನಮ್ಮ ವಿಶಿ ಮೊದಲ ಇನಿಂಗ್ಸಲ್ಲಿ 114 ಹೊಡೆದಿದ್ರು, ಅದನ್ನ ಒಬ್ರೂ ಕೇಳಲ್ಲ.

ಪ್ರಶ್ನೆ: ನಾವು ಡಲ್ಲಾಸ್ ಹತ್ರ ಇದೀವಿ, ಮಗನಿಗೆ ಹದಿನಾರು, ಹೈಸ್ಕೂಲ್ ಟೀಮಲ್ಲಿ ಆಡ್ತಾನೆ. ಹೋದ ಶುಕ್ರವಾರ ಹಾಫ್‌ಟೈಮಲ್ಲಿ ಸೀದಾ ಬಂದು ಕಾರಲ್ಲಿ ಕೂತ್ಕೊಂಡ, ನಾನಿನ್ನು ಹೋಗಲ್ಲ ಅಂತಾನೆ. ಇವ್ರು, ಅರ್ಧಕ್ಕೆ ಬಿಡೋ ಅಭ್ಯಾಸ ಆಗಿಬಿಡುತ್ತೆ, ಎಳ್ಕೊಂಡಾದ್ರೂ ಹೋಗ್ಬೇಕು ಅಂತಾರೆ. ಮನೇಲಿ ಮಾತುಕತೆ ನಿಂತೋಗಿದೆ. ಏನ್ ಮಾಡ್ಲಿ?
(ಒಬ್ಬ ಅಮ್ಮ)

ಉತ್ತರ: ಅಮ್ಮಾ, ಮೊದಲು ಒಂದು ಕೇಳಿ, ತಲೆಗೆ ಪೆಟ್ಟಾಗಿತ್ತಾ ಅಂತ. ತಲೆನೋವು, ವಾಂತಿ ಬಂದಂಗಾಗೋದು, ಬೆಳಕು ನೋಡಿದ್ರೆ ಕಣ್ಣು ಕುಕ್ಕೋದು, ಸುಮ್ನೆ ಸಿಡುಕೋದು, ಇದ್ರಲ್ಲಿ ಯಾವ್ದಾದ್ರೂ ಇದ್ರೆ ಮಿಕ್ಕ ಮಾತೆಲ್ಲ ಆಮೇಲೆ, ಇವತ್ತೇ ಡಾಕ್ಟ್ರ ಹತ್ರ ಕರ್ಕೊಂಡೋಗಿ. ತಲೆಗೆ ಪೆಟ್ಟಾಗಿರೋ ಅನುಮಾನ ಬಂದ್ರೆ ಆವತ್ತು ಮತ್ತೆ ಆಡಿಸೋ ಹಂಗಿಲ್ಲ ಅಂತ ಅಲ್ಲಿನ ರಾಜ್ಯಗಳಲ್ಲಿ ಕಾನೂನೇ ಇದೆ. ಹುಡುಗರು ಇದನ್ನ ಹೇಳಲ್ಲ, ಹೇಳಿದ್ರೆ ಹೇಡಿ ಅಂತಾರೆ ಅನ್ನೋ ಭಯ. ಮೇರಿಲ್ಯಾಂಡ್ ಯೂನಿವರ್ಸಿಟೀಲಿ ಜಾರ್ಡನ್ ಮೆಕ್‌ನೇರ್ ಅನ್ನೋ 19ರ ಹುಡುಗ 2018ರಲ್ಲಿ ಪ್ರಾಕ್ಟೀಸ್ ಮಾಡ್ತಾ ಬಿಸಿಲಾಘಾತದಿಂದ ಕುಸಿದು, ಎರಡು ವಾರ ಆಸ್ಪತ್ರೇಲಿದ್ದು ತೀರಿಕೊಂಡ. ಸುಸ್ತು ಅನ್ನೋರನ್ನ ಹಂಗಿಸೋ ವಾತಾವರಣ ಅಲ್ಲಿತ್ತು ಅಂತ ಆಮೇಲೆ ಆಚೆ ಬಂತು. ಅಕ್ಟೋಬರ್ ಕೊನೇಲಿ ಕೋಚ್‌ನ ವಾಪಸ್ ಕರೆಸಿದಾಗ ಕೆಲವು ಆಟಗಾರರು ಮೀಟಿಂಗಿಂದ ಎದ್ದು ನಡೆದ್ರು, ಮಾರನೇ ದಿನವೇ ಯೂನಿವರ್ಸಿಟಿ ಆ ಕೋಚ್‌ನ ಮನೆಗೆ ಕಳಿಸ್ತು. ಆ ಎದ್ದು ಹೋದ ಹುಡುಗರನ್ನ ಅರ್ಧಕ್ಕೆ ಬಿಡೋ ಅಭ್ಯಾಸದವರು ಅಂತ ನಿಮ್ಮ ಯಜಮಾನ್ರು ಅಂತಾರಾ, ಕೇಳಿ ನೋಡಿ.

ಪೆಟ್ಟೂ ಇಲ್ಲ, ಯಾರೂ ಹಂಗಿಸಿಲ್ಲ, ಬೇರೆಯವನನ್ನ ಆಡಿಸಿದ್ರು ಅನ್ನೋ ಸಿಟ್ಟು ಅಷ್ಟೇ ಅಂದ್ರೆ ಅವನಿಗೆ ಜೇಲನ್ ಹರ್ಟ್ಸ್ ಕಥೆ ನೆನಪಿಸಿ, ಆ ವಯಸ್ಸಿನ ಹುಡುಗರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಅವ್ನು ಆಗ ಅಲಬಾಮಾ ಯೂನಿವರ್ಸಿಟಿಯ ಕ್ವಾರ್ಟರ್‌ಬ್ಯಾಕ್. 2018ರ ಜನವರಿ 8, ಕಾಲೇಜ್ ಫುಟ್‌ಬಾಲ್‌ನ ನ್ಯಾಷನಲ್ ಚಾಂಪಿಯನ್‌ಶಿಪ್ ಫೈನಲ್, ಎದುರಿಗೆ ಜಾರ್ಜಿಯಾ, ಅಲಬಾಮಾ 13-0 ಹಿಂದೆ, ಹಾಫ್‌ಟೈಮಲ್ಲಿ ಹರ್ಟ್ಸ್‌ನ ಕೂರಿಸಿ ಟುವಾ ಟಾಗೊವೈಲೋವಾನ ಇಳಿಸಿದ್ರು, ಟುವಾ ಗೆಲ್ಲಿಸಿಬಿಟ್ಟ. ಹರ್ಟ್ಸ್ ಅವತ್ತು ಸೈಡ್‌ಲೈನಲ್ಲಿ ನಿಂತು ಅವನ್ನ ಹುರಿದುಂಬಿಸ್ತಾ ಇದ್ದ. ಮುಂದಿನ ಸೀಸನ್ ಟುವಾ ಹಿಂದೆ ಎರಡನೆಯವನಾಗಿದ್ದ, ಡಿಸೆಂಬರ್ 1ಕ್ಕೆ ಅದೇ ಜಾರ್ಜಿಯಾ ಮೇಲೆ ಟುವಾಗೆ ಪೆಟ್ಟಾದಾಗ ಇಳಿದು 35-28ರಲ್ಲಿ ಗೆಲ್ಲಿಸ್ದ. ಅದಾದ್ಮೇಲೆ ಅವ್ನೂ ಹೋದ ನೋಡಿ, ಓಕ್ಲಹೋಮಾಗೆ! ಸೀಸನ್ ಮುಗಿಸಿ, ಎಲ್ರಿಗೂ ಹೇಳಿ. 2025ರ ಸೂಪರ್ ಬೌಲ್‌ನಲ್ಲಿ, ಅಂದ್ರೆ ಎನ್‌ಎಫ್‌ಎಲ್ ಫೈನಲ್‌ನಲ್ಲಿ, ಬೆಸ್ಟ್ ಪ್ಲೇಯರ್ ಅವ್ನೇ.

ಹಂಗಂತ ನಿಮ್ಮ ಹುಡುಗ ಹರ್ಟ್ಸ್ ಆಗ್ಬೇಕಾಗಿಲ್ಲ. ಆಟ ಬೇಡ ಅಂದ್ರೆ ಬೇಡ. ಎಳ್ಕೊಂಡು ಹೋಗೋದಂತೂ ಬೇಡ, ಮನಸ್ಸಿಲ್ದವನನ್ನ ಆ ಆಟಕ್ಕೆ ತಳ್ಳೋದು ಅಪಾಯ. ಆದ್ರೆ ಕಾರಲ್ಲಿ ಕೂತಿದ್ದು ಜೊತೆಯ ಹುಡುಗರಿಗೆ ಏನೂ ಹೇಳಿದಂಗಾಗ್ಲಿಲ್ಲ, ಅವ್ರು ಅವತ್ತು ಅವನ್ನ ಹುಡುಕಿರ್ತಾರೆ. ಸೋಮವಾರ ಅವ್ನೇ ಹೋಗ್ಲಿ, ನೀವಾಗ್ಲಿ ಅವ್ರಾಗ್ಲಿ ಕೋಚ್‌ಗೆ ಇಮೇಲ್ ಬರೀಬೇಡಿ. ಕೋಚ್ ಹತ್ರ ಎರಡು ಮಾತು, ತನ್ನ ಜಾಗದಲ್ಲಿ ಆಡಿದ ಹುಡುಗನ ಹತ್ರ ಒಂದು ಮಾತು ಆಡಿ ಬರ್ಲಿ. ಬರುವಾಗ ಹೆಲ್ಮೆಟ್, ಪ್ಯಾಡ್ ಎಲ್ಲಾ ವಾಪಸ್ ಕೊಟ್ಟು ಬರೋಕೆ ಹೇಳಿ, ಅವು ಸ್ಕೂಲಿಂದು.